ಹೊಸಬರಿಗೆ ಎಲೆಕ್ಟ್ರಾನಿಕ್ ಕುಣಿತದ ಸಂಗೀತ ಕೇಳಿಸುವ ಕ್ರಮ: ಬಳಕೆದಾರರ ಕೈಪಿಡಿ

ಅಭಿನಂದನೆಗಳು. ಈ ಕೈಪಿಡಿ ನಿಮ್ಮ ಕೈಗೆ ಬಂದಿದೆ ಎಂದರೆ ಮನೆಯಲ್ಲೋ ಆಫೀಸಿನಲ್ಲೋ ಯಾರೋ ಒಬ್ಬರು, ‘ಅದೇನೋ ದಿನಾ ಕಿವಿಗೆ ಹಾಕ್ಕೊಂಡು ತಲೆ ಆಡಿಸ್ತಿರ್ತೀಯಲ್ಲ, ನನಗೂ ಸ್ವಲ್ಪ ಕೇಳಿಸು ನೋಡೋಣ’ ಎಂದು ಬಾಯಿತಪ್ಪಿ ಅಂದುಬಿಟ್ಟಿದ್ದಾರೆ. ಇಂಥ ಅವಕಾಶ ಪದೇ ಪದೇ ಒದಗುವುದಿಲ್ಲ. ಹಾಳುಮಾಡಲು ಮಾತ್ರ ಅರ್ಧ ನಿಮಿಷ ಸಾಕು. ಆದ್ದರಿಂದ ಪ್ಲಗ್ ಚುಚ್ಚುವ ಮುನ್ನ ಮುಂದಿನದನ್ನು ಪೂರ್ತಿ ಓದತಕ್ಕದ್ದು.

ಇಲ್ಲಿ ‘ಉಪಕರಣ’ ಎಂದರೆ ಎದುರಿಗೆ ಕೂತಿರುವ ಹೊಸಬರು. ಸ್ಪೀಕರು ಕೆಟ್ಟರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ರಿಪೇರಿ ಮಾಡಿಸಬಹುದು. ಹೊಸಬರು ಕೆಟ್ಟರೆ ಬಿಡಿಭಾಗ ಸಿಗುವುದಿಲ್ಲ.

ಎಚ್ಚರಿಕೆಗಳು

ಫೋನಿನ ಸ್ಪೀಕರಿನಲ್ಲಿ ಹಾಕಬೇಡಿ. ಈ ಸಂಗೀತದ ಕಿಕ್ ಡ್ರಮ್ಮಿನ ತೂಕವೆಲ್ಲ ಸೆಕೆಂಡಿಗೆ 50-60 ಕಂಪನಗಳ ಆಸುಪಾಸಿನಲ್ಲಿ ಕೂತಿರುತ್ತದೆ. ಬೆರಳುಗುರಿನಷ್ಟಗಲದ ಸ್ಪೀಕರಿಗೆ ಅಷ್ಟು ಕೆಳಗಿನ ಸದ್ದು ಎಬ್ಬಿಸುವ ತಾಕತ್ತಿಲ್ಲ. ಹೊಸಬರ ಕಿವಿಗೆ ಬೀಳುವುದು ಬರೀ ‘ಟಿಸ್ ಟಿಸ್ ಟಿಸ್’. ‘ಗ್ಯಾಸ್ ಸೋರ್ತಿದೆಯೇನೋ ನೋಡು’ ಎಂದು ಅವರು ಎದ್ದು ಅಡುಗೆಮನೆಗೆ ಹೋದರೆ ತಪ್ಪು ಅವರದಲ್ಲ. ಒಳ್ಳೆಯ ಹೆಡ್‌ಫೋನು, ಅದಿಲ್ಲದಿದ್ದರೆ ಕಿಟಕಿ ಏರಿಸಿದ ಕಾರು. ಇವೆರಡೂ ಇಲ್ಲದಿದ್ದರೆ ಇವತ್ತು ಬೇಡ, ಕಾಫಿ ಕುಡಿದು ಏಳಿ.

ವಂಶಾವಳಿ ಒಪ್ಪಿಸಬೇಡಿ. ಹೌಸ್, ಡೀಪ್ ಹೌಸ್, ಟೆಕ್ ಹೌಸ್, ಟೆಕ್ನೊ, ಮಿನಿಮಲ್ ಟೆಕ್ನೊ, ಟ್ರಾನ್ಸ್, ಸೈಟ್ರಾನ್ಸ್, ಜಂಗಲ್, ಡ್ರಮ್ ಅಂಡ್ ಬೇಸ್, ಡಬ್‌ಸ್ಟೆಪ್ ಇವೆಲ್ಲ ಗೋತ್ರ ಪ್ರವರಗಳ ಹಾಗೆ. ಸಂಬಂಧ ಕುದುರಿದ ಮೇಲೆ ವಿಚಾರಿಸಿಕೊಳ್ಳಬಹುದು. ನಿಮಗೆ ಇವುಗಳ ನಡುವಿನ ವ್ಯತ್ಯಾಸ ಗೊತ್ತು ಎಂಬುದು ನಿಮ್ಮ ಹೆಮ್ಮೆ, ಅವರ ಕುತೂಹಲ ಅಲ್ಲ.

ಕೇಳುತ್ತಿರುವವರ ಮುಖವನ್ನೇ ನೋಡುತ್ತ ಕೂರಬೇಡಿ. ‘ಈಗ ಬರತ್ತೆ... ಈಗ ಬರತ್ತೆ... ಹಾಂ, ಬಂತು!’ ಎಂದು ಕೈ ಮೇಲೆತ್ತಿ ಮುನ್ಸೂಚನೆ ಕೊಡುವವರಿಂದ ಈ ಸಂಗೀತಕ್ಕೆ ಆಗಿರುವ ನಷ್ಟ ಪೊಲೀಸರಿಂದಲೂ ಆಗಿಲ್ಲ.

ಪುಡಿ, ಮಾತ್ರೆಗಳು ಈ ಪೆಟ್ಟಿಗೆಯೊಳಗೆ ಬರುವುದಿಲ್ಲ. 1988ರ ಇಂಗ್ಲೆಂಡಿನ ಕುಣಿತದ ಹುಚ್ಚಿನಲ್ಲಿ ಎಕ್ಸ್‌ಟಸಿ ಮಾತ್ರೆಯ ಪಾತ್ರ ದೊಡ್ಡದಿತ್ತು. ಅದನ್ನು ಮುಚ್ಚಿಡುವುದು ಸುಳ್ಳಾಗುತ್ತದೆ. ಆದರೆ ಮಾತ್ರೆ ನುಂಗಿದರೆ ಮಾತ್ರ ಚೆಂದ ಕೇಳುವ ಸಂಗೀತ ಚೆನ್ನಾಗಿಲ್ಲ ಎಂದೇ ಅರ್ಥ.

ಮಾದರಿ ಗುರುತಿಸುವುದು

ಎಲ್ಲ ಹೊಸಬರದೂ ಒಂದೇ ವೋಲ್ಟೇಜ್ ಅಲ್ಲ.

ಭಾವಗೀತೆ ಮಾದರಿ: ಅಶ್ವತ್ಥ್, ಅನಂತಸ್ವಾಮಿ ಅವರನ್ನು ಕೇಳಿ ಬೆಳೆದವರು. ಎರಡು ನಿಮಿಷ ಸೌಜನ್ಯದಿಂದ ಕೇಳಿ, ‘ಎಲ್ಲಾ ಸರಿ ಮರಿ, ಸಾಹಿತ್ಯ ಯಾವಾಗ ಬರತ್ತೆ?’ ಎನ್ನುತ್ತಾರೆ. ಇವರಿಗೆ ಮನುಷ್ಯ ಕಂಠದ ಒಂದು ಹಿಡಿ ಬೇಕು. 1977ರಲ್ಲಿ ಡಾನಾ ಸಮರ್ ಹಾಡಿ, ಜಾರ್ಜಿಯೊ ಮೊರೊಡರ್ ಮತ್ತು ಪೀಟ್ ಬೆಲೊಟ್ ಕಟ್ಟಿಕೊಟ್ಟ ‘ಐ ಫೀಲ್ ಲವ್’ನಿಂದ ಶುರುಮಾಡಿ. ಹಾಡುವವಳು ಮನುಷ್ಯಳು, ಮಿಕ್ಕಿದ್ದು ಬಹುಪಾಲು ಮೂಗ್ ಸಿಂಥಸೈಸರ್. ಸಾಹಿತ್ಯ ಒಂದು ಅಂಚೆಕಾರ್ಡಿನಲ್ಲಿ ಹಿಡಿಸುವಷ್ಟಿದೆ. ಅವರು ಧ್ವನಿಯನ್ನು ಹಿಂಬಾಲಿಸುತ್ತ ಹೋಗಿ, ಗೊತ್ತಿಲ್ಲದೆ ಮೆಷಿನ್ನಿನೊಳಗೆ ಸಿಕ್ಕಿಕೊಳ್ಳುತ್ತಾರೆ.

ಕಛೇರಿ ಮಾದರಿ: ರಾಮನವಮಿಯ ಪೆಂಡಾಲಿನಲ್ಲಿ ಮುಂದಿನ ಸಾಲಿನವರು. ಆಕ್ಷೇಪಣೆ ಸಿದ್ಧವಾಗಿರುತ್ತದೆ. ‘ಇದೆಲ್ಲ ಮೆಷಿನ್ನು ಕಣೋ. ಇದರಲ್ಲಿ ಮನುಷ್ಯ ಎಲ್ಲಿದಾನೆ?’ ವಾದಕ್ಕೆ ಇಳಿಯಬೇಡಿ. ಅವರ ಪ್ರೀತಿಯ ವಿದ್ವಾಂಸರ ಪಕ್ಕದಲ್ಲಿ ಸದ್ದಿಲ್ಲದೆ ಶ್ರುತಿ ಹಿಡಿದಿರುವ ಡಬ್ಬ ಯಾವುದೆಂದು ಮೆತ್ತಗೆ ಕೇಳಿ. ಎಲೆಕ್ಟ್ರಾನಿಕ್ ತಂಬೂರಿಯನ್ನು ನಮ್ಮ ಕಛೇರಿಗಳಿಗೆ ತಂದದ್ದು ಬೆಂಗಳೂರಿನದೇ ರೇಡೆಲ್ ಕಂಪನಿ. ಅದನ್ನು ಕಟ್ಟಿದ ಜಿ. ರಾಜ್ ನಾರಾಯಣ್ ಎಂಜಿನಿಯರೂ ಹೌದು, ಕೊಳಲು ವಾದಕರೂ ಹೌದು. ನಂತರ ಅವರಿಗೆ ಚರಣ್‌ಜಿತ್ ಸಿಂಗ್ ಅವರನ್ನು ಕೇಳಿಸಿ.

ಈ ಹೆಸರಿನ ಹತ್ತಿರ ತುಸು ನಿಲ್ಲಬೇಕು. ಚರಣ್‌ಜಿತ್ ಸಿಂಗ್ ಮುಂಬೈನ ಹಿಂದಿ ಚಿತ್ರಗಳ ವಾದ್ಯವೃಂದಗಳಲ್ಲಿ ಗಿಟಾರು ನುಡಿಸುತ್ತಿದ್ದವರು. 1982ರಲ್ಲಿ ಅವರು ಮೂರು ಜಪಾನೀ ಯಂತ್ರಗಳನ್ನು ಜೋಡಿಸಿಕೊಂಡರು: ರೋಲ್ಯಾಂಡ್ ಕಂಪನಿಯ ಜೂಪಿಟರ್-8 ಸಿಂಥಸೈಸರ್, ಟಿಆರ್-808 ಡ್ರಮ್ ಮೆಷಿನ್, ಟಿಬಿ-303 ಬೇಸ್ ಮೆಷಿನ್. ಇವುಗಳಲ್ಲಿ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಕೂರಿಸಿ ಎಚ್ಎಂವಿಗೆ ಒಂದು ಎಲ್‌ಪಿ ಮಾಡಿಕೊಟ್ಟರು. ಯಮನ್ ಇದೆ, ಮಾಲ್ಕೌಂಸ್ ಇದೆ. ಕಛೇರಿ ಮಾದರಿಯವರು ‘ಕಲ್ಯಾಣಿ, ಹಿಂದೋಳ’ ಎಂದು ತಕ್ಷಣ ಹಿಡಿಯುತ್ತಾರೆ. ರೆಕಾರ್ಡು ಮಾರಾಟವಾಗಲಿಲ್ಲ, ಎಲ್ಲರೂ ಮರೆತರು. 2010ರಲ್ಲಿ ನೆದರ್‌ಲೆಂಡ್ಸಿನ ರೆಕಾರ್ಡು ಸಂಗ್ರಾಹಕನೊಬ್ಬ ಅದನ್ನು ಮರುಬಿಡುಗಡೆ ಮಾಡಿದಾಗ ಯೂರೋಪಿನ ಡಿಜೆಗಳು ಬೆಚ್ಚಿಬಿದ್ದರು. ಷಿಕಾಗೊದವರು 1987ರಲ್ಲಿ ‘ಆಸಿಡ್ ಹೌಸ್’ ಎಂದು ಹೊರತಂದ ಸದ್ದು ಐದು ವರ್ಷ ಮೊದಲೇ ಮುಂಬೈನಲ್ಲಿ, ಅದೂ ಆರೋಹಣ ಅವರೋಹಣ ಸಮೇತ ಬಂದುಹೋಗಿತ್ತು! ಷಿಕಾಗೊದ ಹುಡುಗರು ಇದನ್ನು ಕೇಳಿರಲಿಲ್ಲ, ಮುಂಬೈಯವರಿಗೆ ಷಿಕಾಗೊ ಬೇಕಿರಲಿಲ್ಲ. ಒಂದೇ ಯಂತ್ರ ಎರಡು ಕಡೆ ಒಂದೇ ಸದ್ದು ಕೊಟ್ಟಿತು, ಅಷ್ಟೆ. ಎಪ್ಪತ್ತು ದಾಟಿದ ಚರಣ್‌ಜಿತ್ ಸಿಂಗ್ ಆಮೇಲೆ ಯೂರೋಪಿನ ವೇದಿಕೆಗಳಲ್ಲಿ ನುಡಿಸಿ, 2015ರಲ್ಲಿ ತೀರಿಕೊಂಡರು. ಅಂದಹಾಗೆ, ಈ ಕಥೆಯನ್ನು ‘ನೋಡಿದ್ರಾ, ಎಲ್ಲಾ ನಮ್ಮವರೇ ಕಂಡುಹಿಡಿದಿದ್ದು’ ಎಂಬ ಧಾಟಿಯಲ್ಲಿ ಹೇಳುವುದು ನಿಷಿದ್ಧ.

ಮೆರವಣಿಗೆ ಮಾದರಿ: ದಾವಣಗೆರೆಯಲ್ಲೋ ಶಿವಮೊಗ್ಗದಲ್ಲೋ ಗಣಪತಿ ಬಿಡುವಾಗ ಲಾರಿ ತುಂಬ ಪೇರಿಸಿದ ಸ್ಪೀಕರುಗಳ ಮುಂದೆ ಕುಣಿದವರು. ಇವರ ಲೆಕ್ಕದಲ್ಲಿ ಡಿಜೆ ಎಂದರೆ ಆ ಲಾರಿಯೇ. ಭಾದ್ರಪದ ಬಂತೆಂದರೆ ಯಾವುದಾದರೊಂದು ಜಿಲ್ಲಾಡಳಿತ ನಿಷೇಧಿಸುವುದೂ ಅದನ್ನೇ. ಇವರಿಗೆ ತರಬೇತಿ ಅನಗತ್ಯ. ಬೇಸ್ ಎಂಬುದು ಕಿವಿಗಿಂತ ಮುಂಚೆ ಎದೆಗೂಡಿಗೆ ಬಂದು ಬಡಿಯಬೇಕು ಎಂಬುದು ನಿಮಗಿಂತ ಮೊದಲೇ ಅವರಿಗೆ ಗೊತ್ತು.

ಆಟದ ಮಾದರಿ: ಕರಾವಳಿಯಲ್ಲಿ ರಾತ್ರಿಯಿಡೀ ಯಕ್ಷಗಾನ ನೋಡಿದವರು. ಆರು ಗಂಟೆ ಕಾಲದ ಸೆಟ್ ಎಂದರೆ ‘ಅಷ್ಟೇ ಏನು?’ ಎನ್ನುತ್ತಾರೆ. ಇವರಿಗೆ ಚಾಪೆ ಕೊಟ್ಟರೆ ಸಾಕು.

ಜೋಡಣೆ

ಪೂರ್ತಿ ಉದ್ದದ ಒಂದು ಟ್ರ್ಯಾಕ್ ಆರಿಸಿ, ಏಳೆಂಟು ನಿಮಿಷದ್ದು. ರೇಡಿಯೊಗೆಂದು ಮೂರು ನಿಮಿಷಕ್ಕೆ ಕತ್ತರಿಸಿದ್ದು ಬೇಡ. ಹೊಸಬರಿಗೆ ಒಂದೇ ಕೆಲಸ ಕೊಡಿ: ಎಣಿಸುವುದು. ಒಂದು, ಎರಡು, ಮೂರು, ನಾಲ್ಕು. ಹೌಸ್‌ನಲ್ಲಿ ನಿಮಿಷಕ್ಕೆ ಸುಮಾರು 120ರಿಂದ 130 ಬಡಿತ, ಸರಾಗವಾಗಿ ಎಣಿಸಬಹುದು. ನಿಮಿಷಕ್ಕೆ 170 ದಾಟುವ ಡ್ರಮ್ ಅಂಡ್ ಬೇಸ್ ಮೊದಲ ದಿನ ಬೇಡ. ಎಣಿಕೆ ತಪ್ಪಿದ ಹೊಸಬರು ಸಿಡುಕುತ್ತಾರೆ.

ಹದಿನಾರು ಅಥವಾ ಮೂವತ್ತೆರಡು ಬಡಿತ ಮುಗಿದ ಕೂಡಲೇ ಏನೋ ಒಂದು ಬರುತ್ತದೆ, ಇಲ್ಲವೇ ಏನೋ ಒಂದು ಹೋಗುತ್ತದೆ. ಒಂದು ಚಪ್ಪಾಳೆ ಸೇರಬಹುದು, ಒಂದು ಬೇಸ್ ಗೆರೆ ಜಾರಿಕೊಳ್ಳಬಹುದು. ಕಛೇರಿ ಮಾದರಿಯವರು ಇದನ್ನು ಬೇಗ ಪತ್ತೆಹಚ್ಚುತ್ತಾರೆ, ಏಕೆಂದರೆ ಮೂವತ್ತೆರಡು ಎಂದರೆ ಆದಿತಾಳದ ನಾಲ್ಕು ಆವರ್ತ. ‘ಅಲ್ಲಾ, ಸರಿಯಾಗಿ ಸಮಕ್ಕೇ ಬಂತಲ್ಲೋ!’ ಎಂದು ಅವರು ತೊಡೆ ತಟ್ಟಿದಾಗ ನೀವು ಸುಮ್ಮನಿರಿ.

ಮೊದಲ ಒಂದು ನಿಮಿಷ ಬರೀ ಡ್ರಮ್ಮು ಇರುತ್ತದಲ್ಲ, ಅದು ಸೋಮಾರಿತನ ಅಲ್ಲ. ಹಿಂದಿನ ಟ್ರ್ಯಾಕಿನ ಬಾಲದ ಮೇಲೆ ಮುಂದಿನದರ ತಲೆಯನ್ನು ಹೊಂದಿಸಲು ಡಿಜೆಗೆ ಬಿಟ್ಟ ಜಾಗ ಅದು. ಒಂಟಿ ಟ್ರ್ಯಾಕ್ ಹಾಕಿ ಕೇಳಿಸುವುದೇ ಒಂದು ರೀತಿಯಲ್ಲಿ ಅನ್ಯಾಯ. ರಾತ್ರಿಯೊಳಗೆ ಇಡಲೆಂದು ಮಾಡಿದ ತುಂಡನ್ನು ಮಧ್ಯಾಹ್ನ ಸೋಫಾದ ಮೇಲೆ ಇಟ್ಟಿರುತ್ತೇವೆ. ಆದರೆ ಎಲ್ಲಿಂದಾದರೂ ಶುರುಮಾಡಲೇಬೇಕಲ್ಲ.

ಮೂಲ ತಯಾರಿಕೆ

ಕಾಫಿ ಬಂದಾಗ ಒಂದು ಕಥೆ ಹೇಳಲು ಅನುಮತಿ ಇದೆ. ಇದನ್ನು ಹೇಳಿ.

1979ರ ಜುಲೈ 12, ಷಿಕಾಗೊದ ಕಾಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನ. ಅಂದು ಒಂದರ ಹಿಂದೆ ಒಂದು ಎರಡು ಪಂದ್ಯ. ಡಿಸ್ಕೊ ಕಂಡರಾಗದ ಸ್ಟೀವ್ ಡಾಲ್ ಎಂಬ ರೇಡಿಯೊ ನಿರೂಪಕನ ಯೋಜನೆಯಂತೆ, ಒಂದು ಡಿಸ್ಕೊ ರೆಕಾರ್ಡು ತಂದವರಿಗೆ 98 ಸೆಂಟಿಗೆ ಟಿಕೆಟ್ಟು. ಪಂದ್ಯಗಳ ನಡುವಿನ ಬಿಡುವಿನಲ್ಲಿ ಆ ರೆಕಾರ್ಡುಗಳನ್ನು ಮೈದಾನದಲ್ಲಿ ಪೇರಿಸಿ ಸ್ಫೋಟಿಸಿದರು. ಜನ ನುಗ್ಗಿ ಮೈದಾನವನ್ನೇ ಕಿತ್ತುಹಾಕಿದ್ದರಿಂದ ಎರಡನೆಯ ಪಂದ್ಯ ನಡೆಯಲೇ ಇಲ್ಲ. ಅಲ್ಲಿ ಪ್ರೇಕ್ಷಕರಿಗೆ ಸೀಟು ತೋರಿಸುವ ಕೆಲಸದಲ್ಲಿದ್ದ ವಿನ್ಸ್ ಲಾರೆನ್ಸ್ ಎಂಬ ಕಪ್ಪು ಹುಡುಗನ ಕಣ್ಣಿಗೆ ಬಿದ್ದದ್ದು ಬೇರೆ. ಜನ ತಂದಿದ್ದವುಗಳಲ್ಲಿ ಡಿಸ್ಕೊಗೆ ಸಂಬಂಧವೇ ಇಲ್ಲದ ಕಪ್ಪು ಕಲಾವಿದರ ರೆಕಾರ್ಡುಗಳೂ ಇದ್ದವು. ಆ ಹುಡುಗ ಸಂಬಳ ಕೂಡಿಡುತ್ತಿದ್ದದ್ದು ಸಿಂಥಸೈಸರ್ ಕೊಳ್ಳುವುದಕ್ಕೆ. 1984ರಲ್ಲಿ ಅವನೂ ಜೆಸ್ಸಿ ಸಾಂಡರ್ಸ್‌ನೂ ಸೇರಿ ಬರೆದ ‘ಆನ್ ಅಂಡ್ ಆನ್’ ಅನ್ನೇ ಹಲವರು ಮೊದಲ ಹೌಸ್ ರೆಕಾರ್ಡು ಎನ್ನುತ್ತಾರೆ.

ಮೈದಾನದಲ್ಲಿ ಡಿಸ್ಕೊಗೆ ಬೆಂಕಿ ಇಡುವಾಗ ಅದೇ ಊರಿನ ವೇರ್‌ಹೌಸ್ ಎಂಬ ಕ್ಲಬ್ಬಿನಲ್ಲಿ ಫ್ರಾಂಕಿ ನಕಲ್ಸ್ ಅದೇ ಡಿಸ್ಕೊವನ್ನು ಕತ್ತರಿಸಿ ಅಂಟಿಸಿ ಉದ್ದ ಮಾಡುತ್ತಿದ್ದ. 1977ರಲ್ಲಿ ತೆರೆದ ಆ ಕ್ಲಬ್ಬಿಗೆ ಬರುತ್ತಿದ್ದವರಲ್ಲಿ ಬಹುಪಾಲು ಕಪ್ಪು ಮತ್ತು ಲ್ಯಾಟಿನೊ ಸಲಿಂಗಿಗಳು, ಅಂದರೆ ಊರಿನ ಬೇರೆ ಬಾಗಿಲುಗಳಲ್ಲಿ ತಡೆಸಿಕೊಂಡವರು. ಹೊಸ ಡಿಸ್ಕೊ ರೆಕಾರ್ಡು ಬರುವುದು ನಿಂತಮೇಲೆ ಇದ್ದದ್ದಕ್ಕೇ ಡ್ರಮ್ ಮೆಷಿನ್ ಸೇರಿಸಿ ರಾತ್ರಿ ದಾಟಿಸಬೇಕಾಯಿತು. ಹೌಸ್ ಹುಟ್ಟಿದ್ದು ಆ ಕೊರತೆಯಲ್ಲಿ. ಡೆಟ್ರಾಯ್ಟ್ ಪಕ್ಕದ ಬೆಲ್ವಿಲ್‌ನಲ್ಲಿ ಒಟ್ಟಿಗೆ ಶಾಲೆಗೆ ಹೋದ ಹ್ವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಟೆಕ್ನೊ ಮಾಡಿದ್ದು ಇನ್ನೊಂದು ಕಥೆ. ಹೇಳಿದೆನಲ್ಲ, ಒಂದೇ ಕಥೆಗೆ ಅನುಮತಿ.

ಆ ಟಿಬಿ-303ರ ವಿಷಯ ಮಾತ್ರ ಬಿಡುವಂತಿಲ್ಲ. ಒಂಟಿಯಾಗಿ ಅಭ್ಯಾಸ ಮಾಡುವ ಗಿಟಾರು ವಾದಕನಿಗೆ ಬೇಸ್ ಗಿಟಾರಿನ ಸಾಥ್ ಕೊಡಲೆಂದು ಮಾಡಿದ ಪೆಟ್ಟಿಗೆ ಅದು. ಬೇಸ್ ಗಿಟಾರಿನ ಹಾಗೆ ಅದು ಕೇಳಿಸುತ್ತಲೇ ಇರಲಿಲ್ಲ, ಸ್ವರ ತುಂಬುವುದೂ ತಲೆನೋವು. ಸುಮಾರು 10,000 ಮಾಡಿ 1984ರಲ್ಲಿ ಕಂಪನಿ ಕೈಚೆಲ್ಲಿತು. ಪೆಟ್ಟಿಗೆಗಳು ಸೆಕೆಂಡ್‌ಹ್ಯಾಂಡ್ ಅಂಗಡಿಗಳ ಪಾಲಾದವು. ಅಂಥದ್ದೊಂದು ಷಿಕಾಗೊದ ಡಿಜೆ ಪಿಯರ್ ಮತ್ತವನ ಗೆಳೆಯರಿಗೆ ಸಿಕ್ಕಿತು. ಬಳಸುವ ಕ್ರಮ ಗೊತ್ತಿರಲಿಲ್ಲವಾಗಿ, ಅದು ನುಡಿಯುತ್ತಿರುವಾಗಲೇ ಗುಂಡಿಗಳನ್ನು ಮನಸ್ಸಿಗೆ ಬಂದ ಹಾಗೆ ತಿರುಗಿಸಿದರು. ಕೀರಲುವ, ನುಲಿಯುವ, ನೀರಲ್ಲಿ ಮುಳುಗಿ ಏಳುವ ಒಂದು ಸದ್ದು ಹೊರಟಿತು. ಅದನ್ನು ಮ್ಯೂಸಿಕ್ ಬಾಕ್ಸ್ ಕ್ಲಬ್ಬಿನ ರಾನ್ ಹಾರ್ಡಿ ಒಂದೇ ರಾತ್ರಿ ನಾಲ್ಕು ಸಲ ಹಾಕಿದನಂತೆ. ಮೊದಲ ಸಲ ಅಂಗಳ ಖಾಲಿಯಾಯಿತು, ನಾಲ್ಕನೆಯ ಸಲ ಜನಕ್ಕೆ ಹುಚ್ಚು ಹಿಡಿಯಿತು ಎಂದು ಪಿಯರ್ ನೆನೆಯುತ್ತಾನೆ. 1987ರಲ್ಲಿ ‘ಆಸಿಡ್ ಟ್ರ್ಯಾಕ್ಸ್’ ಎಂದು ಬಂದ ಅದು ಹನ್ನೊಂದು ನಿಮಿಷಕ್ಕೂ ಹೆಚ್ಚು ಉದ್ದವಿದೆ. ಅಷ್ಟುದ್ದಕ್ಕೂ ಹೆಚ್ಚುಕಡಿಮೆ ಒಂದೇ ಸ್ವರಗುಚ್ಛ ಸುತ್ತುತ್ತದೆ. ಬದಲಾಗುವುದು ಗುಂಡಿಯ ತಿರುವು. ನಿಮ್ಮ ದೊಡ್ಡಮ್ಮ ಮೊದಲ ಸಲ ಮುಖ ಸಿಂಡರಿಸಿದರೆ ಎದೆಗುಂದಬೇಡಿ, ಷಿಕಾಗೊವೇ ಸಿಂಡರಿಸಿತ್ತು. ಪಿಯರ್ ಮತ್ತು ಗೆಳೆಯರು ಆ ಪೆಟ್ಟಿಗೆಯ ಕೈಪಿಡಿಯನ್ನು ಶ್ರದ್ಧೆಯಿಂದ ಓದಿದವರಾಗಿದ್ದರೆ ಇವತ್ತು ಈ ಕೈಪಿಡಿ ಬೇಕಾಗುತ್ತಿರಲಿಲ್ಲ.

ಕಾನೂನು ಸೂಚನೆ

ಹೊಸಬರು ಒಂದು ವ್ಯಾಖ್ಯೆ ಬೇಕೇ ಬೇಕು ಎಂದು ಹಟ ಹಿಡಿದರೆ ಬ್ರಿಟಿಷ್ ಸಂಸತ್ತಿನ ಕಡೆ ಕೈತೋರಿಸಿ. 1992ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಕ್ಯಾಸಲ್‌ಮಾರ್ಟನ್ ಎಂಬ ಗೋಮಾಳದಲ್ಲಿ ಸಾವಿರಾರು ಜನ ಸೇರಿ ದಿನಗಟ್ಟಲೆ ಕುಣಿದರು. ಊರವರಿಗೆ ನಿದ್ದೆ ಇಲ್ಲ, ಪತ್ರಿಕೆಗಳಿಗೆ ಬೇರೆ ಸುದ್ದಿ ಇಲ್ಲ. ಸರ್ಕಾರ 1994ರಲ್ಲಿ ಕಾನೂನು ತಂದಿತು. ಯಾವ ಸಂಗೀತ ಎಂದು ಕಾನೂನಿನಲ್ಲಿ ಬರೆಯಬೇಕಲ್ಲ? ಒಂದರ ಹಿಂದೊಂದು ಮರುಕಳಿಸುವ ಬಡಿತಗಳೇ ಪೂರ್ತಿಯಾಗಿ ಅಥವಾ ಪ್ರಧಾನವಾಗಿ ಲಕ್ಷಣವಾಗಿರುವ ಸದ್ದುಗಳೂ ಸಂಗೀತದಲ್ಲಿ ಸೇರುತ್ತವೆ ಎಂದು 63ನೆಯ ಕಲಮು ಹೇಳಿತು. ಅಭಿಮಾನಿಗಳು ಪುಟಗಟ್ಟಲೆ ಬರೆದರೂ ಹಿಡಿಯಲಾಗದ್ದನ್ನು ನಿಲ್ಲಿಸಲು ಹೊರಟವರು ಅರ್ಧ ಸಾಲಿನಲ್ಲಿ ಹಿಡಿದರು. ಮರುಕಳಿಸುವುದೇ ಇಲ್ಲಿ ಸರಕು. ಹಾಗಾಗಿ ‘ಅದೇ ಅದೇ ಬರ್ತಿದೆಯಲ್ಲೋ’ ಎಂಬುದು ಹೊಸಬರ ದೂರು ಎಂದು ತಿಳಿಯಬೇಡಿ. ಅವರು ಸರಿಯಾಗಿಯೇ ಕೇಳಿಸಿಕೊಳ್ಳುತ್ತಿದ್ದಾರೆ.

ಆಟೆಕರ್ ಎಂಬ ಜೋಡಿ ಅದೇ ವರ್ಷ ಈ ಕಾನೂನಿಗೆ ಪ್ರತಿಭಟನೆಯಾಗಿ ಒಂದು ರೆಕಾರ್ಡು ತಂದಿತು. ಅದರ ಒಂದು ಟ್ರ್ಯಾಕಿನಲ್ಲಿ ಬಡಿತದ ವಿನ್ಯಾಸ ಮರುಕಳಿಸದ ಹಾಗೆ ಲೆಕ್ಕಹಾಕಿ ಕೂರಿಸಿದ್ದರು. ಪೊಲೀಸರು ಬಂದರೆ ಇದು ಮರುಕಳಿಸುತ್ತಿಲ್ಲ ಎಂದು ದೃಢಪಡಿಸಲು ಡಿಜೆಗಳು ಒಬ್ಬ ವಕೀಲರನ್ನೂ ಒಬ್ಬ ಸಂಗೀತಶಾಸ್ತ್ರಜ್ಞರನ್ನೂ ಜೊತೆಗಿಟ್ಟುಕೊಳ್ಳಲಿ ಎಂದು ಕವರಿನ ಮೇಲೆ ಸಲಹೆ ಅಚ್ಚು ಹಾಕಿಸಿದ್ದರು. ನಿಮ್ಮ ಹೊಸಬರು ನಿವೃತ್ತ ವಕೀಲರಾಗಿದ್ದರೆ ಈ ಭಾಗದಿಂದಲೇ ಶುರುಮಾಡುವುದು ಕ್ಷೇಮ.

ಹೊರಾಂಗಣ ಪರೀಕ್ಷೆ

ಮೊದಲ ಹೊರಗಿನ ಅನುಭವಕ್ಕೆ ದೊಡ್ಡ ಉತ್ಸವ ಬೇಡ. ಇದು ನನ್ನ ಪೂರ್ವಗ್ರಹ, ಬದಲಾಯಿಸಿಕೊಳ್ಳುವ ಉದ್ದೇಶವಿಲ್ಲ. ಪಟಾಕಿ, ಬೆಂಕಿಯ ಬುಗ್ಗೆ, ಎರಡು ನಿಮಿಷಕ್ಕೊಮ್ಮೆ ಏರಿಸಿ ಬೀಳಿಸುವ ಡ್ರಾಪ್ ಇವೆಲ್ಲ ಹೊಸಬರಿಗೆ ಕಾಯುವುದನ್ನು ಕಲಿಸುವುದಿಲ್ಲ. ಚಿಕ್ಕ ಕೋಣೆ, ಮಂದ ಬೆಳಕು, ಒಳ್ಳೆಯ ಸ್ಪೀಕರು ಹುಡುಕಿ.

ಕಿವಿಗೆ ಇಯರ್‌ಪ್ಲಗ್ ಕಡ್ಡಾಯ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಷ್ ಲೆಕ್ಕದಲ್ಲಿ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಮೇಲಿನ ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧವಾಗುತ್ತದೆ. 100 ಡೆಸಿಬೆಲ್ ಮುಟ್ಟುವ ಕ್ಲಬ್ಬಿನಲ್ಲಿ ಉಳಿಯುವುದು 15 ನಿಮಿಷ. ‘ಹತ್ತಿ ಇಟ್ಕೊಂಡ್ರೆ ಸಾಲದಾ?’ ಎಂದು ಕೇಳುತ್ತಾರೆ. ಸಾಲದು.

ಸಮಯದ ವಿಷಯ. ಬರ್ಲಿನ್ನಿನ ಬರ್ಗ್‌ಹೈನ್ ಕ್ಲಬ್ಬಿನಲ್ಲಿ ಶನಿವಾರ ರಾತ್ರಿ ಶುರುವಾದದ್ದು ಸೋಮವಾರ ಬೆಳಗಿನವರೆಗೆ ನಡೆಯುತ್ತದೆ. ಬಾಗಿಲಲ್ಲೇ ಫೋನಿನ ಕ್ಯಾಮೆರಾಗೆ ಸ್ಟಿಕ್ಕರ್ ಅಂಟಿಸುತ್ತಾರೆ, ಒಳಗೆ ಬಿಡದಿದ್ದರೆ ಕಾರಣ ಹೇಳುವುದಿಲ್ಲ. ಅಲ್ಲಿನ ನ್ಯಾಯಾಲಯ 2016ರಲ್ಲಿ ಈ ಕ್ಲಬ್ಬಿನ ಸಂಗೀತವನ್ನು ಸಂಸ್ಕೃತಿ ಎಂದು ಒಪ್ಪಿದ್ದರಿಂದ ಟಿಕೆಟ್ಟಿನ ತೆರಿಗೆ 19ರ ಬದಲು 7 ಪರ್ಸೆಂಟ್. ನಮ್ಮ ಬೆಂಗಳೂರಿನಲ್ಲಿ ಬಹುಕಾಲ ಹನ್ನೊಂದೂವರೆಗೆ ದೀಪ ಹಾಕಿಬಿಡುತ್ತಿದ್ದರು, ಈಗ ಒಂದು ಗಂಟೆ. ಬಯಲಿನಲ್ಲಾದರೆ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ಹತ್ತಕ್ಕೇ ಧ್ವನಿವರ್ಧಕ ಬಂದ್. ಕಾರವಾರ ದಾಟಿ ಸ್ವಲ್ಪ ಮುಂದೆ ಹೋದರೆ ಸಿಗುವ ಗೋವಾದ ಪಾಲೋಲೆಂನವರು ಇದಕ್ಕೊಂದು ಉಪಾಯ ಮಾಡಿದರು: ಎಲ್ಲರಿಗೂ ಹೆಡ್‌ಫೋನು ಕೊಟ್ಟು ಕುಣಿಸುವುದು. ಅನುಮಾನದ ಹೊಸಬರಿಗೆ ಇಂಥ ಜಾಗ ಉತ್ತಮ. ಹೆಡ್‌ಫೋನು ತೆಗೆದರೆ ಮರಳಿನ ಮೇಲಿನ ಕಾಲ್ಸಪ್ಪಳ, ಏದುಸಿರು, ತಾಳ ತಪ್ಪಿ ಯಾರೋ ಗುನುಗುವುದು. ಹಾಕಿಕೊಂಡರೆ ಎಲ್ಲರೂ ಒಂದೇ ಬಡಿತಕ್ಕೆ ಸರಿಹೋಗುತ್ತಾರೆ.

ದೋಷ ನಿವಾರಣೆ

‘ಅವನು ಅಲ್ಲಿ ನಿಂತ್ಕೊಂಡು ಮಾಡೋದೇನು? ಬಟನ್ ಒತ್ತೋದು ತಾನೆ?’ ಪ್ರಾಮಾಣಿಕ ಉತ್ತರ: ಕೆಲವರು ಅಷ್ಟೇ ಮಾಡುತ್ತಾರೆ. ಎರಡು ಟ್ರ್ಯಾಕಿನ ವೇಗವನ್ನು ಕಿವಿಯಿಂದಲೇ ಹೊಂದಿಸುವುದು ಹಿಂದೆ ವರ್ಷಗಟ್ಟಲೆ ಕಲಿಯುವ ವಿದ್ಯೆಯಾಗಿತ್ತು. ಈಗ ಸಿಂಕ್ ಎಂಬ ಗುಂಡಿ ಅದನ್ನು ಮಾಡಿಕೊಡುತ್ತದೆ. ಮುಂದೆ ಯಾವುದನ್ನು ಹಾಕಬೇಕು, ಎಷ್ಟು ಹೊತ್ತು ತಡೆಯಬೇಕು ಎಂಬುದಕ್ಕೆ ಇನ್ನೂ ಗುಂಡಿ ಬಂದಿಲ್ಲ.

‘ನನಗೆ ಕುಣಿಯೋಕೆ ಬರಲ್ಲಪ್ಪ.’ ಇಲ್ಲಿ ಹೆಜ್ಜೆ ಎಂಬುದಿಲ್ಲ. ತೂಕವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ವರ್ಗಾಯಿಸಿದರೆ ಆಯಿತು. ಮಂಡಿನೋವಿದ್ದವರಿಗೆ ತಲೆ ಸಾಕು.

ನಿದ್ದೆ ಬಂದರೆ: ಎಬ್ಬಿಸಬೇಡಿ. ಇದೂ ಒಂದು ಬಗೆಯ ಕೇಳುವಿಕೆ.

ಇಷ್ಟೆಲ್ಲ ಮಾಡಿಯೂ ಇಷ್ಟವಾಗದಿದ್ದರೆ: ಬಿಡಿ. ಅಭಿರುಚಿ ತಿದ್ದಲು ಹೋದವರ ಜೊತೆ ಯಾರೂ ಎರಡನೆಯ ಸಲ ಕಾಫಿ ಕುಡಿಯುವುದಿಲ್ಲ.

ವಾರಂಟಿ

ನೆರೆಹೊರೆಯವರ ಜಗಳ, ಮಕ್ಕಳ ಅಪಹಾಸ್ಯ, ಚಿಕ್ಕಪ್ಪ ಕತ್ತಲಲ್ಲೂ ತಂಪು ಕನ್ನಡಕ ಹಾಕಲು ಶುರುಮಾಡುವುದು ವಾರಂಟಿಗೆ ಒಳಪಡುವುದಿಲ್ಲ. ತೀವ್ರ ಪ್ರಕರಣಗಳಲ್ಲಿ ಹೊಸಬರು ಪಿಂಚಣಿ ಹಣದಲ್ಲಿ ಹಳೆಯ ಸಿಂಥಸೈಸರನ್ನೋ ಡ್ರಮ್ ಮೆಷಿನ್ನನ್ನೋ ಕೊಂಡುತರುವ ಸಂಭವವಿದೆ. ಯಾರಿಗೂ ಬೇಡವಾಗಿದ್ದ 303ಕ್ಕೆ ಈಗ ಲಕ್ಷಗಳಲ್ಲಿ ಬೆಲೆಯಿರುವುದರಿಂದ ಅದೊಂದನ್ನು ಕೊಳ್ಳದಂತೆ ತಡೆಯಿರಿ, ಮಿಕ್ಕಿದ್ದಕ್ಕೆ ಅಡ್ಡಬರಬೇಡಿ. ಒಂದು ಭಾನುವಾರ ಬೆಳಿಗ್ಗೆ ಅವರು ಫೋನ್ ಮಾಡಿ, ‘ಲೋ, ಇದರಲ್ಲಿ ಗುಂಡಿ ಬಹಳ ಇವೆ ಕಣೋ, ಮ್ಯಾನುಯಲ್ ಇದ್ರೆ ಕಳಿಸು’ ಎನ್ನುತ್ತಾರೆ. ಕಳಿಸಬೇಡಿ.